ಮುಳ್ಳಿಲ್ಲದ ಬನ್ನಿ

ಎರಡು ಗಂಟೆಗೆ ಪಾಳಿ ಬದಲಿಸಲು ಬರಬೇಕಾಗಿದ್ದ ಅಜಿತ್ ಎರಡೂಕಾಲಾದರೂ ಬರಲಿಲ್ಲ. ನಿನ್ನೆ ಆಯುಧಪೂಜೆಗೆಂದು ಕಂಟ್ರೋಲ್ ರೂಮಿನ ಗಡಿಯಾರಕ್ಕೆ ಹಾಕಿದ್ದ ಚೆಂಡುಹೂವಿನ ಸರ ಬಾಡಿ ಒಂದು ಕಡೆ ಜಾರಿತ್ತು. ಪ್ಯಾನೆಲ್ಲುಗಳ ಅಂಚಿಗೆ ಗಂಧದ ಬೊಟ್ಟು, ಕುರ್ಚಿಗಳ ಬೆನ್ನಿಗೂ ಗಂಧದ ಬೊಟ್ಟು; ಉತ್ಸಾಹ ಹೆಚ್ಚಾದ ಯಾರೋ ನೀರಿನ ಕ್ಯಾನಿಗೂ ಇಟ್ಟಿದ್ದರು. ಮೂಲೆಯಲ್ಲಿ ಪುರಿ, ಹುರಿಗಡಲೆ ಉಳಿದ ಚೀಲ ಬಾಯಿ ತೆರೆದುಕೊಂಡು ಕೂತಿತ್ತು. ಬೆಳಗಿನ ಆರರಿಂದ ಅದರೊಳಗೆ ಕೈಯಾಡಿಸುತ್ತ ಹೊತ್ತು ಕಳೆದಿದ್ದ ಸಿದ್ಧಲಿಂಗೇಶನಿಗೆ ಈಗ ಬಾಯಿ ಒಣಗಿ, ಕಣ್ಣು ಉರಿದು, ಎಲ್ಲಿಯಾದರೂ ಸರಿ, ಬೆನ್ನು ನೆಲಕ್ಕೆ ತಾಗಿದರೆ ಸಾಕು ಎನಿಸಿತ್ತು.

ಇನ್‌ಚಾರ್ಜ್ ಅರವಿಂದ್ ಒಳಗೆ ಬಂದ. ವಯಸ್ಸಿನಲ್ಲಿ ಇವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಹಾಗಾಗಿ ಕೆಲಸ ಹೇಳುವಾಗೆಲ್ಲ ಮೊದಲು ತಲೆ ಕೆರೆದುಕೊಳ್ಳುತ್ತಿದ್ದ. ಅಜಿತ್ ಲೀವ್ ಹಾಕಿಬಿಟ್ಟಿದ್ದಾನೆ ಎಂದು ತಮಿಳಿನಲ್ಲಿ ಹೇಳಿ, ತಲೆ ಕೆರೆದುಕೊಂಡು, "ಅಣ್ಣಾ, ಡಬಲ್ ಪಾಕ್ಕರೀಂಗಳಾ?" ಎಂದು ಕೇಳಿದ.

ಡಬಲ್ ಎಂದರೆ ಎಂಟು ಗಂಟೆಯ ಪಾಳಿ ಮುಗಿದ ಮೇಲೆ ಇನ್ನೊಂದು ಎಂಟು ಗಂಟೆ. ಮಣಲಿಯ ಈ ಪ್ಲಾಂಟಿನಲ್ಲಿ ಇಪ್ಪತ್ತಾರು ವರ್ಷ ಕಳೆದ ಸಿದ್ಧಲಿಂಗೇಶ ಈ ಪ್ರಶ್ನೆಗೆ ಬೇಡ ಎಂದದ್ದು ಕಡಿಮೆ. ಯಾರ ಮಗಳ ನಾಮಕರಣವಿರಲಿ, ಯಾರ ಊರಿನ ಹಬ್ಬವಿರಲಿ, ಎಲ್ಲರೂ ಮೊದಲು ಹುಡುಕುತ್ತಿದ್ದದ್ದು ಇವನನ್ನೇ. ಒಳ್ಳೆಯವನು ಎಂಬ ಹೆಸರು ಅಷ್ಟು ಸುಲಭವಾಗಿ ಬಂದುಬಿಟ್ಟಿತ್ತು.

"ಇನ್ನಿಕ್ಕಿ ಮುಡಿಯಾದು ತಂಬಿ," ಎಂದ. ಇವತ್ತು ಆಗುವುದಿಲ್ಲ ಎಂಬ ಮಾತು ಬಾಯಿಂದ ಬಂದದ್ದು ಅವನಿಗೇ ಹೊಸದಾಗಿ ಕೇಳಿಸಿತು. ಅರವಿಂದ್ ಮುಖ ನೋಡಿದಾಗ, "ಅಕ್ಕನ ಮನೆಗೆ ಹೋಗಬೇಕು," ಎಂದು ಸೇರಿಸಿದ. ವಾರಕ್ಕೊಮ್ಮೆ ಹೋಗಿಬರುವವನ ಹಾಗೆ ಹೇಳಿದ ಅಷ್ಟೆ. ಆ ಮನೆಯ ಮೆಟ್ಟಿಲು ಹತ್ತಿ ಎರಡು ವರ್ಷ ಮೂರು ತಿಂಗಳಾಗಿತ್ತು.

ಪ್ಲಾಂಟಿನೊಳಗೆ ಒಯ್ಯಲು ಬಿಡದ ಫೋನನ್ನು ಗೇಟಿನ ಲಾಕರಿನಿಂದ ತೆಗೆದುಕೊಂಡಾಗ ಹೆಂಡತಿ ಸುಗುಣಾಳ ಧ್ವನಿ ಸಂದೇಶ ಕಾದಿತ್ತು. "ಎಲ್ಲದೀರಿ? ಬನ್ನಿ ತೊಗೊಂಡ ಸೀದಾ ಅಕ್ಕನ ಮನೀಗೇ ಹೋಗ್ರಿ. ಮನೀಗೆ ಬಂದು ಜಳಕಾ ಮಾಡಿ ಹೋಗ್ತೀನಿ ಅಂದ್ರ ನೀವು ಮಲಕ್ಕೊಂಡ ಬಿಡ್ತೀರಿ. ನಿಮ್ಮ ಹಣೇಬರಾ ನನಗ ಗೊತ್ತಿಲ್ಲೇನು?"

ಗೊತ್ತಿತ್ತು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಗಂಡನ ನಿದ್ದೆಯನ್ನು ಕಂಡಷ್ಟು ಎಚ್ಚರವನ್ನು ಕಂಡಿರಲಿಲ್ಲ.

ಕೋಯಂಬೇಡಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಣಲಿಯ ಸೀಮೆಎಣ್ಣೆಯಂಥ ವಾಸನೆ ಹಿಂದೆ ಉಳಿದು, ಮಾಧವರಂ ದಾಟುವ ಹೊತ್ತಿಗೆ ಗಾಳಿ ತಣ್ಣಗಾಯಿತು. ಈ ಊರಿನಲ್ಲಿ ವರ್ಷಕ್ಕೆ ಒಂದು ಸಲ, ತಮಿಳರ ಪುರಟಾಸಿ ತಿಂಗಳು ಮುಗಿಯುವ ಈ ಕೆಲವೇ ದಿನ, ಮೈಮೇಲೆ ಅಂಗಿ ಇದೆ ಎಂಬುದೇ ಮರೆತುಹೋಗುವಷ್ಟು ಹಿತವಾದ ಗಾಳಿ ಬೀಸುತ್ತದೆ. ಆಮೇಲೆ ಮಳೆ, ನೀರು, ಸೊಳ್ಳೆ. ರಸ್ತೆಯ ಪಕ್ಕ ಬೇಯಿಸಿದ ಶೇಂಗಾ ಗಾಡಿಯಿಂದ ಆವಿ ಏಳುತ್ತಿತ್ತು. ತಳ್ಳುಗಾಡಿಯ ಸೀತಾಫಲಗಳು ಬಿರಿದು ಬಾಯಿ ಬಿಟ್ಟಿದ್ದವು. ಯಾರದೋ ಮನೆಯ ಮುಂಬಾಗಿಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ ಬೊಂಬೆಗಳು ಕಂಡು ಮರೆಯಾದವು. ಇಷ್ಟೆಲ್ಲ ಸುಖ ಕಣ್ಣಮುಂದೆ ಹಾದುಹೋಗುವಾಗ ತಾನು ಮಾತ್ರ ಸುಸ್ತಾಗಿರುತ್ತೇನೆ ಎಂದು ಅವನಿಗೆ ತನ್ನ ಮೇಲೇ ಬೇಜಾರಾಯಿತು.

ಬೊಂಬೆ ಕೂರಿಸುವುದು ಇಲ್ಲಿಯವರ ದಸರೆ. ಗದಗ, ರೋಣ, ನರಗುಂದದ ಕಡೆಯಿಂದ ಬಂದು ಈ ಊರಲ್ಲಿ ಉಳಿದ ಮೂವತ್ತು ನಲವತ್ತು ಮನೆಯವರಿಗೆ ದಸರೆ ಎಂದರೆ ಬನ್ನಿ. ವಿಜಯದಶಮಿಯ ಸಂಜೆ ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಇಟ್ಟು, "ಬನ್ನಿ ತೊಗೊಂಡು ಬಂಗಾರದಂಗ ಇರೋಣ" ಎಂದು ಕಾಲು ಮುಟ್ಟಬೇಕು. ಅದಿಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಒಮ್ಮೆ ಎಲೆ ಕೊಟ್ಟು ತೆಗೆದುಕೊಂಡ ಮೇಲೆ ಹಳೆಯ ಜಗಳವನ್ನು ಇಬ್ಬರೂ ಬಾಯಿಗೆ ತರಬಾರದು, ಅದು ಕಟ್ಟಳೆ. ಹಾಗಾಗಿ ಜಗಳ ಬಿಡಲು ಮನಸ್ಸಿಲ್ಲದವರು ಆ ಸಂಜೆ ಮನೆಗೆ ಬೀಗ ಹಾಕಿ ಬೀಚಿಗೆ ಹೋಗಿಬಿಡುವುದೂ ಉಂಟು. ಅಕ್ಕ ಕೋಮಲಾ ಹಾಗೆ ಓಡಿಹೋಗುವವಳಲ್ಲ. ಹೋದ ವರ್ಷ ಸುಗುಣಾ ತನ್ನ ಎಲೆಯ ಜೊತೆ ಗಂಡನ ಪಾಲಿನದನ್ನೂ ಒಯ್ದಿದ್ದಳು. ಕೋಮಲಾ ಒಂದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಇನ್ನೊಂದನ್ನು ನೋಡಿ, "ಇದು ಅವನದಲ್ಲಾ? ತಿರುಗಿ ಒಯ್ಯವಾ," ಎಂದಳು.

ಜಗಳದ ಮೂಲ ಅವ್ವ. ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ಅಪ್ಪ ಮಹಾಲಿಂಗಪ್ಪ ತೀರಿಕೊಂಡ ಮೇಲೆ ಅವ್ವ ಸುಮಿತ್ರಮ್ಮ ಮಗನ ಮನೆಯಲ್ಲೇ ಇದ್ದಳು. ದಮ್ಮು ಜಾಸ್ತಿಯಾದಾಗ ಮಣಲಿಯ ಗಾಳಿ ಆಗುವುದಿಲ್ಲವೆಂದು ಡಾಕ್ಟರು ಹೇಳಿದರು, ಕೋಮಲಾ ಅವಳನ್ನು ಅಣ್ಣಾ ನಗರದ ತನ್ನ ಮನೆಗೆ ಕರೆದೊಯ್ದಳು. ಎಂಟು ತಿಂಗಳು ಒಬ್ಬಳೇ ನೋಡಿಕೊಂಡಳು. ಎರಡು ವರ್ಷದ ಹಿಂದಿನ ಆಷಾಢದ ಒಂದು ಶುಕ್ರವಾರ ಅವ್ವನಿಗೆ ಉಸಿರು ಸಿಕ್ಕಿಕೊಂಡಿತು. ಕೋಮಲಾ ತಮ್ಮನಿಗೆ ಹದಿನೇಳು ಸಲ ಫೋನ್ ಮಾಡಿದಳು. ಫೋನ್ ಗೇಟಿನ ಲಾಕರಿನಲ್ಲಿತ್ತು. ಗೇಟಿನವರಿಗೆ ಹೇಳಿ ಕಳಿಸಿದ ಸುದ್ದಿಯೂ ನಡುವೆ ಎಲ್ಲೋ ನಿಂತುಬಿಟ್ಟಿತು. ಆವತ್ತು ಸಿದ್ಧಲಿಂಗೇಶ ಡಬಲ್ ಮಾಡಿ ರಾತ್ರಿ ಹೊರಬಿದ್ದಾಗ ಅವ್ವ ಹೋಗಿ ನಾಲ್ಕು ತಾಸಾಗಿತ್ತು. ಮಣ್ಣು ಕೊಟ್ಟು ಬಂದ ಮೇಲೆ ಕೋಮಲಾ, "ನೀ ಬೀಗರ ಬಂದಂಗ ಬಂದೀದಿ. ಇನ್ನ ಬರಬ್ಯಾಡ," ಎಂದಳು. ಅಷ್ಟೇ ಮಾತು. ಆಮೇಲೆ ಮಾತಿಲ್ಲ.

ಗೇಟಿನವರ ಕಥೆಯನ್ನು ಸಿದ್ಧಲಿಂಗೇಶ ಎಲ್ಲರಿಗೂ ಹೇಳಿದ್ದ, ಹೆಂಡತಿಗೂ ಹೇಳಿದ್ದ. ಅದು ಸುಳ್ಳಲ್ಲ. ಆದರೆ ಆವತ್ತು ಎರಡು ಗಂಟೆಗೆ ಅವನ ಪಾಳಿ ಮುಗಿದಿತ್ತು. ಅವ್ವನಿಗೆ ಹುಷಾರಿಲ್ಲವೆಂದು ಬೆಳಿಗ್ಗೆಯೇ ಗೊತ್ತಿತ್ತು. ಡಬಲ್ ಮಾಡುತ್ತೀರಾ ಎಂದು ಕೇಳಿದಾಗ, ಗೇಟಿಗೆ ಹೋಗಿ ಒಂದು ಸಲ ಫೋನ್ ನೋಡಿ ಬರುತ್ತೇನೆ ಎನ್ನಬಹುದಿತ್ತು. ಅನ್ನಲಿಲ್ಲ. ಬಾಯಿ ತೆರೆದುಕೊಂಡು ಗಾಳಿಗಾಗಿ ಒದ್ದಾಡುವ ಅವ್ವನನ್ನು ಇನ್ನೊಂದು ಸಂಜೆ ನೋಡುವ ಧೈರ್ಯ ಅವನಿಗಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಕೂತರೆ ಯಾರೂ ಕರೆಯುವುದಿಲ್ಲ. ಅದಕ್ಕೇ ಕೂತ. ಈ ಸಂಗತಿ ಅವನೊಬ್ಬನಿಗೆ ಗೊತ್ತಿತ್ತು, ಎರಡು ವರ್ಷದಿಂದ ಅವನನ್ನು ತಿನ್ನುತ್ತಿತ್ತು. ಈಗ ಕೋಮಲಾ ಬನ್ನಿ ತೆಗೆದುಕೊಂಡಳೆಂದರೆ ಅದನ್ನು ಹೇಳುವ ಪ್ರಮೇಯವೇ ಬರುವುದಿಲ್ಲ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಈ ಭೂಮಿಯ ಮೇಲೆ ಅವನನ್ನು 'ಸಿದ್ಯಾ' ಎಂದು ಕರೆಯುವವಳು ಅವಳೊಬ್ಬಳೇ. ಆ ಒಂದು ಕರೆ ವಾಪಸ್ ಸಿಕ್ಕರೆ ಸಾಕು, ಉಳಿದದ್ದು ಮಣ್ಣಿನಲ್ಲೇ ಇರಲಿ ಎಂದುಕೊಂಡಿದ್ದ.

ಈ ಸಲ ಹೋಗುವ ಧೈರ್ಯ ಬಂದದ್ದು ಫೋನಿನಿಂದ. ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತಾಗ ಅವನು ಸಿಕ್ಕಿದ್ದನ್ನೆಲ್ಲ ನೋಡುತ್ತಿದ್ದ. ಹಾವು ಹಿಡಿಯುವವರು, ಕೊಳೆ ಹಿಡಿದ ಜಮಖಾನೆ ತೊಳೆಯುವವರು, ರೈಲಿನ ಮುಂದೆ ಕ್ಯಾಮೆರಾ ಕಟ್ಟಿ ಸುರಂಗ ತೋರಿಸುವವರು. ಜಮಖಾನೆಯಿಂದ ಕರಿಯ ನೀರು ಹರಿದು ಕೊನೆಗೆ ಬಣ್ಣ ಕಾಣಿಸಿಕೊಳ್ಳುವಾಗ ಏನೋ ಒಂದು ನೆಮ್ಮದಿ. ಹೋದ ಜೂನಿನಲ್ಲಿ ಒಂದು ದಿನ ಫೋನ್ ತಾನಾಗಿಯೇ 'ನಮ್ಮನಿ ಒಲಿ' ಎಂಬ ಅಡಿಗೆ ಚಾನಲ್ಲನ್ನು ತಂದು ಮುಂದಿಟ್ಟಿತು. ಮುಖವಿಲ್ಲ, ಬರೀ ಎರಡು ಕೈ. ಬಸ್ಸಿನ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಆ ಕೈ ಹಿಟ್ಟು ನಾದಿ ಮುಗಿಸಿ, ಒಂದು ಚೂರು ಹಿಟ್ಟನ್ನು ಚಿವುಟಿ ಒಲೆಯ ಹಿಂದಿನ ಟೈಲ್ಸಿಗೆ ಅಂಟಿಸಿತು. ಒಲೆಯ ಪಾಲು ಒಲೆಗೆ ಎಂದು ಅವ್ವ ಹಾಗೆ ಮಾಡುತ್ತಿದ್ದಳು. ಸಿದ್ಧಲಿಂಗೇಶ ಫೋನನ್ನು ಕಿವಿಗೆ ಒತ್ತಿ ಹಿಡಿದ. ಕೋಮಲಾಳ ಧ್ವನಿ, ಶೇಂಗಾ ಹೋಳಿಗೆಗೆ ಬೆಲ್ಲ ಎಷ್ಟು ಎಂದು ಹೇಳುತ್ತಿತ್ತು. ಆವತ್ತು ಇಳಿಯಬೇಕಾದ ಸ್ಟಾಪಿಗಿಂತ ಎರಡು ಸ್ಟಾಪು ಮುಂದೆ ಹೋದ.

ನಾಲ್ಕು ತಿಂಗಳು ಕದ್ದು ನೋಡಿದ. ಅಕ್ಕನ ಮನೆಗೆ ಹೊಸ ಮಿಕ್ಸರ್ ಬಂದದ್ದು, ಅವಳು ಬಳೆ ಬದಲಿಸಿದ್ದು, ನೆಗಡಿಯಾದದ್ದು ಎಲ್ಲ ಅವನಿಗೆ ತಿಳಿಯುತ್ತಿತ್ತು. ನವರಾತ್ರಿ ಶುರುವಾದ ದಿನ ಅವಳು ಪುಂಡಿಪಲ್ಲೆ ಮಾಡಿದಳು. "ನಮ್ಮವ್ವ ಮಾಡೋ ಹಂಗ ಮಾಡಾಕತ್ತೀನ್ರೀ," ಎನ್ನುತ್ತ ಸೊಪ್ಪು ಕುದಿಸಿ, ಹುಳಿ ಜಾಸ್ತಿಯಾಗುತ್ತದೆಂದು ನೀರು ಬಸಿದು ಚೆಲ್ಲಿಬಿಟ್ಟಳು. ಸಿದ್ಧಲಿಂಗೇಶನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆಗೆ ಹೋದವನೇ ಮಗಳು ಶ್ರೀಪ್ರಿಯಾಳಿಗೆ ಫೋನ್ ಕೊಟ್ಟು, ಕಮೆಂಟಿನಲ್ಲಿ ಕನ್ನಡ ಹೇಗೆ ಬರೆಯುವುದು ಕೇಳಿದ.

"ನೀಂಗಳಾ? ಸಮಯಲ್ ಚಾನಲ್‌ಲಯಾ?" ಎಂದು ಅವಳು ನಕ್ಕಳು. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲದ ಅಪ್ಪ ಅಡಿಗೆ ಚಾನಲ್ಲಿಗೆ ಬರೆಯುವುದೆಂದರೆ ನಗುವ ವಿಷಯವೇ. ಕೀಲಿಮಣೆ ತೋರಿಸಿಕೊಟ್ಟು ಹೋದಳು. ಅವನು ಅರ್ಧ ತಾಸು ಒದ್ದಾಡಿ ಬರೆದ: "ನೀರು ಚೆಲ್ಲಬಾರದು. ಅದೇ ನೀರಾಗ ನುಚ್ಚು ಕುದಿಸಬೇಕು. ಚೆಲ್ಲಿದರ ಪಲ್ಲೆ ಕುರುಡಾಗತೈತಿ." ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿದ್ದವು. ಕಳಿಸಿದ ಮೇಲೆ ಅದನ್ನೇ ಮತ್ತೆ ಓದಿದ. ಪಲ್ಲೆ ಕುರುಡಾಗುತ್ತದೆ ಎಂಬ ಮಾತನ್ನು ಅವ್ವ ಬಿಟ್ಟರೆ ಲೋಕದಲ್ಲಿ ಯಾರೂ ಆಡಿದ್ದಿಲ್ಲ.

ಎಲ್ಲರ ಕಮೆಂಟಿಗೂ ಧನ್ಯವಾದ ಹೇಳಿ ಹೂವಿನ ಚಿತ್ರ ಹಾಕುವ ಕೋಮಲಾ ಇದಕ್ಕೆ ಏನೂ ಹೇಳಲಿಲ್ಲ. ಅಳಿಸಲೂ ಇಲ್ಲ. ಐದನೆಯ ದಿನ ಮತ್ತೆ ಪುಂಡಿಪಲ್ಲೆ ಮಾಡಿದಳು. ಈ ಸಲ ನೀರು ಚೆಲ್ಲಲಿಲ್ಲ. ಯಾಕೆಂದು ಹೇಳಲಿಲ್ಲ. ಕೊನೆಯಲ್ಲಿ ಸೌಟು ಕೆಳಗಿಟ್ಟು, "ಈ ಸಲ ಕುರುಡಾಗಿಲ್ಲ," ಎಂದಷ್ಟೇ ಅಂದು ಮುಗಿಸಿದಳು.

ಸುಗುಣಾ ಆ ವಿಡಿಯೋವನ್ನು ಮೂರು ಸಲ ನೋಡಿದಳು. "ಇದಕ್ಕಿಂತ ಹೆಂಗ ಕರೀಬೇಕು ನಿಮ್ಮನ್ನ? ಬ್ಯಾಂಡ್ ಹಚ್ಚಬೇಕೇನು?" ಎಂದಳು. ಸಿದ್ಧಲಿಂಗೇಶನಿಗೆ ಅಷ್ಟು ನಂಬಿಕೆಯಿರಲಿಲ್ಲ. ಅಡಿಗೆಯ ತಪ್ಪು ತಿದ್ದಿಕೊಳ್ಳುವುದು ಬೇರೆ, ತಮ್ಮನನ್ನು ಒಳಗೆ ಕರೆದುಕೊಳ್ಳುವುದು ಬೇರೆ.

ಕೋಯಂಬೇಡಿನ ಹೂವಿನ ಮಾರುಕಟ್ಟೆಯಲ್ಲಿ ಹಬ್ಬ ಮುಗಿದು ಹೋಗಿತ್ತು. ನಿನ್ನೆ ಕೈಗೆ ಸಿಗದಿದ್ದ ಸೇವಂತಿಗೆ ಇವತ್ತು ರಾಶಿ ರಾಶಿಯಾಗಿ ಕಾಲ ಕೆಳಗೆ ಕೊಳೆಯುತ್ತಿತ್ತು. ಮಾರಾಟವಾಗದ ಬಾಳೆಕಂದುಗಳನ್ನು ಹಸುಗಳು ಎಳೆದಾಡುತ್ತಿದ್ದವು. ಬೂದುಗುಂಬಳದ ಚೂರು, ಕುಂಕುಮದ ಕೆಸರು, ಅದರ ಮೇಲೆ ಸಣ್ಣಗೆ ಶುರುವಾದ ತುಂತುರು. ಅವನು ಅಂಗಡಿಯಿಂದ ಅಂಗಡಿಗೆ "ವನ್ನಿ ಇಲೈ ಇರುಕ್ಕಾ?" ಎಂದು ಬನ್ನಿ ಎಲೆ ಕೇಳುತ್ತ ಹೋದ. ಒಬ್ಬ ಬಿಲ್ವ ತೋರಿಸಿದ. ಇನ್ನೊಬ್ಬ ತಲೆಯನ್ನೂ ಎತ್ತಲಿಲ್ಲ. ಕಾಲುಗಳು ಸೀಸದ ಹಾಗೆ ಭಾರವಾಗಿದ್ದವು. ಒಂದು ಗೋಣಿಚೀಲದ ಮೇಲೆ ಕೂತು ತುಳಸಿ ಕಟ್ಟುತ್ತಿದ್ದ ಮುದುಕಿಯೊಬ್ಬಳು ಇವನ ಮುಖ ನೋಡಿ ಹಿಂದಿನ ಬುಟ್ಟಿಯಿಂದ ಒಂದು ಕಟ್ಟು ಎಳೆದುಕೊಟ್ಟಳು. ಸಣ್ಣ ಸಣ್ಣ ಎಲೆ, ಗರಿಯಂತೆ ಎರಡು ಸಾಲು. "ವನ್ನಿದಾನೇ ಪಾಟ್ಟಿ?" ಎಂದು ಕೇಳಿದ. "ವನ್ನಿದಾನ್ ಸಾಮಿ, ಎಡುತ್ತುಟ್ಟು ಪೋ," ಎಂದು, ಅದೇ, ತಗೊಂಡು ಹೋಗು ಎನ್ನುವಂತೆ ಕೈಯಾಡಿಸಿದಳು. ಅವನಿಗೆ ಇನ್ನೊಂದು ಅಂಗಡಿ ಕೇಳುವ ತ್ರಾಣವಿರಲಿಲ್ಲ. ಕವರಿನಲ್ಲಿ ಹಾಕಿಸಿಕೊಂಡು ಮೆಟ್ರೋ ಹತ್ತಿದ.

ಎರಡೇ ಸ್ಟೇಷನ್ನು. ಆ ಎರಡು ಸ್ಟೇಷನ್ನಿನಲ್ಲಿ ಅವನು ಹೇಳಬೇಕಾದ ಮಾತನ್ನು ಬಾಯೊಳಗೆ ಆರು ಸಲ ಹೇಳಿಕೊಂಡ. ಎದುರು ಸೀಟಿನ ಹೆಂಗಸು ತೊಡೆಯ ಮೇಲೆ ಕಡಲೆ ಸುಂಡಲ್ ಡಬ್ಬಿ ಇಟ್ಟುಕೊಂಡು, ಯಾರದೋ ಮನೆಯ ತಾಂಬೂಲದ ಚೀಲದಲ್ಲಿ ಏನೇನಿದೆಯೆಂದು ನೋಡುತ್ತಿದ್ದಳು. ಅವಳ ಮುಖದಲ್ಲಿದ್ದ ಸಣ್ಣ ಸಂತೋಷ ಕಂಡು ಅವನಿಗೆ ಹೊಟ್ಟೆಕಿಚ್ಚಾಯಿತು.

ಕೋಮಲಾಳ ಮನೆ ಹಳೆಯ ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿತ್ತು. ಮನೆಗಳ ಮುಂದೆ ಉದ್ದಕ್ಕೆ ತೆರೆದ ಪಡಸಾಲೆ. ತುಂತುರು ಗಾಳಿಗೆ ಓರೆಯಾಗಿ ಒಳಗೆ ಬಡಿಯುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು. ಅವನು ಪ್ಲಾಂಟಿನ ಸೇಫ್ಟಿ ಶೂ ಬಿಚ್ಚಿ ಗೋಡೆಗೆ ಒತ್ತಿಟ್ಟು, ಒಳಗೆ ಕಾಲಿಡದೆ ನಿಂತು, "ಅಕ್ಕಾ," ಎಂದ. ಧ್ವನಿ ತನ್ನದಲ್ಲವೆನಿಸಿತು.

ಅಡಿಗೆಮನೆಯಿಂದ ಕೋಮಲಾ ಬಂದಳು. ಮಣಿಕಟ್ಟಿನವರೆಗೂ ಸಜ್ಜೆಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಮೇಲೆತ್ತಿ ಹಿಡಿದಿದ್ದಳು. ಕೈಯನ್ನು ದಿನಾ ನೋಡುತ್ತಿದ್ದವನು ಮುಖ ನೋಡಿರಲಿಲ್ಲ. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು, ಕೆನ್ನೆ ಇಳಿದಿತ್ತು, ಅವ್ವನ ಹಾಗೆ ಕಾಣುತ್ತಿದ್ದಳು. ಅವನ ಮುಖವನ್ನೂ ಕೈಯಲ್ಲಿದ್ದ ಕವರನ್ನೂ ನೋಡಿದಳು.

"ಮೊದಲ ಒಳಗ ಹೋಗಿ ಆ ಫೋನ್ ಬಂದ್ ಮಾಡು," ಎಂದಳು. "ಶೀಗಿ ಹುಣ್ಣಿವಿಗೆ ಸಜ್ಜಿರೊಟ್ಟಿ ತೋರಸಾಕತ್ತಿದ್ದೆ. ನನ್ನ ಕೈ ಹಿಟ್ಟಾಗ್ಯಾವು."

ಅಡಿಗೆಮನೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನು ಖಾಲಿ ಕಟ್ಟೆಯನ್ನು ಚಿತ್ರಿಸುತ್ತ ನಿಂತಿತ್ತು. ಕೆಂಪು ಚುಕ್ಕೆ ಮಿನುಗುತ್ತಿತ್ತು. ಅವನು ಎಲ್ಲಿ ಒತ್ತಬೇಕೆಂದು ತಿಳಿಯದೆ ಎರಡು ಮೂರು ಕಡೆ ಒತ್ತಿದ. ನಿಂತಿತು. ಒಲೆಯ ಹಿಂದಿನ ಟೈಲ್ಸಿನ ಮೇಲೆ ಹಳೆಯ ಹಿಟ್ಟಿನ ಗುರುತುಗಳಿದ್ದವು. ಅವನು ನಡುಮನೆಗೆ ಬಂದು, ಇನ್ನು ತಡ ಮಾಡಿದರೆ ಆಗುವುದಿಲ್ಲವೆಂದು ಕವರಿನಿಂದ ಒಂದು ಎಸಳು ತೆಗೆದು ಮುಂದೆ ಹಿಡಿದ.

"ಬನ್ನಿ ತೊಗೊಂಡು ಬಂಗಾರದಂಗ..." ಎಂದ.

ಕೋಮಲಾ ಕೈ ಚಾಚಲಿಲ್ಲ. ಬಗ್ಗಿ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಆ ಎಸಳನ್ನು ಕಣ್ಣು ಕಿರಿದುಮಾಡಿ ನೋಡಿದಳು.

"ಮುಳ್ಳ ಎಲ್ಲೈತಿ?"

"ಏನು?"

"ಬನ್ನಿಗೆ ಮುಳ್ಳ ಇರತಾವೋ. ಇದು ನೆಲ್ಲಿಕಾಯಿ ಎಲಿ. ಯಾರ ಕೊಟ್ರು ನಿನಗ?"

"ಕೋಯಂಬೇಡಿನ್ಯಾಗ ಒಬ್ಬಾಕಿ ಮುದುಕಿ..."

ಚಿಕ್ಕಂದಿನಲ್ಲಿ ಬನ್ನಿ ತರುತ್ತಿದ್ದವಳು ಕೋಮಲಾ, ಮುಳ್ಳು ಚುಚ್ಚಿಸಿಕೊಳ್ಳುತ್ತಿದ್ದವಳೂ ಕೋಮಲಾ. ಇವನು ಎಲೆ ಬಿಡಿಸಿದ್ದನ್ನು ಜೇಬಿಗೆ ತುಂಬಿಕೊಂಡು ಮನೆ ಮನೆಗೆ ಓಡುವವನು. ಐವತ್ತು ದಾಟಿದರೂ ಬನ್ನಿ ಯಾವುದು ನೆಲ್ಲಿ ಯಾವುದು ಎಂದು ತಿಳಿಯದವನು ಅಕ್ಕನ ಮುಂದೆ ಹಬ್ಬದ ಎಲೆ ಹಿಡಿದು ನಿಂತಿದ್ದ. ಅಷ್ಟು ದಣಿವಾಗಿರದಿದ್ದರೆ ಅವನಿಗೇ ನಗು ಬರುತ್ತಿತ್ತು. ನಗುವಿನ ಬದಲು ಕಣ್ಣಿಗೆ ನೀರು ಬಂತು.

"ಬ್ಯಾರೆ ತರ್ತೀನಿ," ಎಂದು ತಿರುಗಿದ.

"ನಿಲ್ಲು." ಕೋಮಲಾ ಬಾಗಿಲ ಚೌಕಟ್ಟಿಗೆ ಒರಗಿದಳು. "ನೀ ಬನ್ನಿ ತಂದಿದ್ರ ನಾ ಬಾಯಿ ಮುಚ್ಚಿಕೊಂಡ ತೊಗೋಬೇಕಾಗತಿತ್ತು. ತೊಗೋಬೇಕಂತನ ಬೆಳಗಿಂದ ಬಾಗಲಾ ತಗದ ಇಟ್ಟೀನಿ. ಆದ್ರ ಇದು ಬನ್ನಿ ಅಲ್ಲ. ಹಳೇದ ತಗದ್ರ ತಪ್ಪಿಲ್ಲ. ಹೇಳು, ಆವತ್ತ ಯಾಕ ಬರಲಿಲ್ಲ?"

"ಗೇಟಿನವರು ಸುದ್ದಿ..."

"ಅದನ್ನ ಮಣ್ಣಿನ ಮುಂದ ನಿಂತು ಹೇಳೀದಿ. ನಾ ಅದನ್ನ ಕೇಳವಲ್ಲೆ."

ಸಿದ್ಧಲಿಂಗೇಶ ಕವರನ್ನು ಕುರ್ಚಿಯ ಮೇಲಿಟ್ಟ. ನಿಲ್ಲಲಾಗದೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಬೆಳಗಿನಿಂದ ನೆಲಕ್ಕಾಗಿ ಹಾತೊರೆದಿದ್ದ ಬೆನ್ನಿಗೆ ಈಗ ಏನೂ ಹಿತವೆನಿಸಲಿಲ್ಲ.

"ಬರಬಹುದಿತ್ತ ಅಕ್ಕಾ," ಎಂದ. "ಎರಡ ಗಂಟೇಕ ಬಿಡುವಾಗಿತ್ತ. ಡಬಲ್ ಮಾಡ್ತೀಯೇನು ಅಂದ್ರು. ಹೂಂ ಅಂದೆ. ಫೋನ್ ನೋಡಾಕೂ ಹೋಗಲಿಲ್ಲ. ಅವ್ವ ಉಸಿರಿಗೆ ಒದ್ದಾಡೂದನ್ನ ನನಗ ನೋಡಾಕ ಆಗತಿದ್ದಿಲ್ಲ. ಅಂಜಿದೆ. ಒಳಗ ಕೂತ್ರ ಯಾರೂ ಕರಿಯೂದಿಲ್ಲ ಅಂತ ಕೂತೆ."

ಹೇಳಿ ಮುಗಿಸಿದ ಮೇಲೆ ಹಗುರವಾಗುತ್ತದೆ ಎಂದು ಜನ ಹೇಳುತ್ತಾರೆ. ಅವನಿಗೆ ಹಾಗೇನೂ ಆಗಲಿಲ್ಲ. ಪಕ್ಕದ ಮನೆಯಲ್ಲಿ ಹೆಂಗಸರು ಬೊಂಬೆಗಳಿಗೆ ಆರತಿ ಹಾಡು ಶುರುಮಾಡಿದ್ದರು. ಕೋಮಲಾಳ ಕೈಯ ಮೇಲಿನ ಹಿಟ್ಟು ಒಣಗಿ ಬಿರಿಯುತ್ತಿತ್ತು. ಅವಳು ಬಯ್ಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದ.

"ಅವ್ವಗ ಗೊತ್ತಿತ್ತು," ಎಂದಳು ಕೋಮಲಾ. "ಅವಗ ಕರೀಬ್ಯಾಡ ಕೋಮಲಾ, ಅವ ಅಂಜತಾನ, ಪಾಪ, ಅಂದ್ಲು. ಉಸಿರಿಲ್ಲದ ಬಾಯಾಗ ನಿನ್ನ ಪರವಾಗಿ ಮಾತಾಡಿದ್ಲು. ನನಗ ಸಿಟ್ಟ ಬಂತು. ಎಂಟ ತಿಂಗಳ ಎತ್ತಿ ಇಳಿಸಿದಾಕಿ ನಾನು, ಪಾಪ ಅನಿಸಿಕೊಂಡಾಂವ ನೀನು. ಆಕಿ ಬ್ಯಾಡ ಅಂದಷ್ಟೂ ನಿನಗ ಫೋನ್ ಹಚ್ಚಿದೆ. ಹದಿನೇಳ ಸಲ. ಆಕಿ ಕಡೆ ಬೆನ್ನ ಮಾಡಿ ಕಿಟಕಿ ಹತ್ರ ನಿಂತಿದ್ದೆ. ಹದಿನೇಳನೇದ್ದ ಮುಗಿಸಿ ತಿರುಗಿ ನೋಡಿದ್ರ..."

ತನ್ನೊಬ್ಬನ ಎದೆಯ ಮೇಲಿದೆಯೆಂದು ಎರಡು ವರ್ಷ ಹೊತ್ತು ತಿರುಗಿದ ಕಲ್ಲು ಈ ಮನೆಯಲ್ಲಿ ಇವಳ ಎದೆಯ ಮೇಲೂ ಕೂತಿತ್ತು ಎಂಬುದು ಸಿದ್ಧಲಿಂಗೇಶನಿಗೆ ಆಗ ತಿಳಿಯಿತು. "ಅಕ್ಕಾ," ಎಂದ. ಕೋಮಲಾ ರಟ್ಟೆಯಿಂದ ಮೂಗು ಒರೆಸಿಕೊಂಡಳು. ಕೆನ್ನೆಗೆ ಹಿಟ್ಟು ಹತ್ತಿತು.

ಹಾಡು ಮುಗಿದು ಪಕ್ಕದ ಮನೆಯಲ್ಲಿ ಗಂಟೆ ಬಾರಿಸಿತು. ಅವಳು ಗಡಿಯಾರ ನೋಡಿದಳು.

"ಏಳು," ಎಂದಳು. "ಟವರ್ ಪಾರ್ಕಿನ ಹಿಂದ ಸಣ್ಣದೊಂದು ಈಶ್ವರನ ಗುಡಿ ಐತಿ. ಗುಡಿ ಹಿತ್ತಲದಾಗ ಬನ್ನಿ ಗಿಡ. ಹರೀಬ್ಯಾಡ, ಪೂಜಾರಿ ಬೈತಾನ. ಬುಡಕ್ಕ ಉದುರಿದ್ದನ್ನ ಆರಿಸಿಕೊಂಡ ಬಾ. ಮುಳ್ಳ ನೋಡಿ ಆರಿಸು."

"ಈಗಾ?"

"ಮತ್ತ ಯಾವಾಗ? ಬರೋ ದಸರಿಗೇನು?"

ಅವನು ಗೋಡೆ ಹಿಡಿದು ಎದ್ದ. ಮಂಡಿ ಚಿಟಕ್ಕೆಂದಿತು. ಪಡಸಾಲೆಗೆ ಬಂದು ಶೂಗಳ ಕಡೆಗೆ ಬಗ್ಗಿದಾಗ ಹಿಂದಿನಿಂದ ಅವಳ ಧ್ವನಿ ಬಂತು.

"ಗುಡಿಗೆ ಹೊಂಟಾಂವಗ ಬೂಟ ಯಾಕೋ ಸಿದ್ಯಾ? ಇಲ್ಲೇ ಬಿಟ್ಟ ಹೋಗು."

ಅವನು ಬರಿಗಾಲಲ್ಲಿ ಮೆಟ್ಟಿಲಿಳಿದ. ಒದ್ದೆ ಸಿಮೆಂಟು ಅಂಗಾಲಿಗೆ ತಣ್ಣಗೆ ತಾಗಿತು. ಮಳೆ ಸ್ವಲ್ಪ ಜೋರಾಗಿತ್ತು, ಇರಚಲು ಪಡಸಾಲೆಯೊಳಗೆ ನುಗ್ಗುತ್ತಿತ್ತು. ಕೆಳಗೆ ಗೇಟಿನ ಬಳಿ ನಿಂತು ಮೇಲೆ ನೋಡಿದ. ಕೋಮಲಾ ಹೊರಗೆ ಬಂದಿದ್ದಳು. ಹಿಟ್ಟಿನ ಕೈಗಳೆರಡನ್ನೂ ಮೇಲಕ್ಕೆತ್ತಿ ಹಿಡಿದುಕೊಂಡೇ, ಕಾಲಿನಿಂದ ಅವನ ಆ ಭಾರದ ಶೂಗಳನ್ನು ಒಂದೊಂದಾಗಿ ಹೊಸ್ತಿಲ ಒಳಗೆ ತಳ್ಳುತ್ತಿದ್ದಳು.